ಸಾಲಕ್ಕೊಂದು ಸೀಟು

1774ರಲ್ಲಿ ಲಂಡನ್ನಿನ ದೊಡ್ಡಮನುಷ್ಯರ ಮರ್ಯಾದೆಗೆ ಭಾರೀ ಪೆಟ್ಟು ಬಿತ್ತು. ಶ್ರೀಮಂತರು ಜೂಜಾಡುತ್ತಿದ್ದ ವೈಟ್ಸ್ ಕ್ಲಬ್ಬಿನಲ್ಲಿ ಒಂದು ಕಾಲಕ್ಕೆ ಮಾಣಿಯಾಗಿದ್ದ ರಾಬರ್ಟ್ ಮ್ಯಾಕ್ರೆತ್, ಪಾರ್ಲಿಮೆಂಟಿನಲ್ಲಿ ಅವರ ಪಕ್ಕಕ್ಕೇ ಬಂದು ಕೂತ. ಕಲಿಗಾಲ, ಇನ್ನೇನು!

ಆಸಾಮಿ ಸುಮ್ನೆ ಬಂದವನಲ್ಲ. ಬಿಲಿಯರ್ಡ್ಸ್ ಮೇಜಿನ ಪಕ್ಕ ನಿಂತು ಅಂಕ ಬರೆದ. 1761ರಲ್ಲಿ ಕ್ಲಬ್ಬಿನ ಮಾಲೀಕನ ಮಗಳನ್ನೇ ಮದುವೆಯಾದ. ಆಮೇಲೆ ಬಡ್ಡಿ ವ್ಯಾಪಾರ. ಜೂಜಿನಲ್ಲಿ ಸೋತ ಗಿರಾಕಿಗಳು ಕಣ್ಣೆದುರೇ ಕೂತಿರುವಾಗ ಅಂಗಡಿಗೆ ಬೇರೆ ಬೋರ್ಡ್ ಯಾಕೆ?

ಹಾಗೆ ಕೈ ಚಾಚಿದವರಲ್ಲಿ ಒಬ್ಬ ಆರ್ಫರ್ಡ್‌ನ ಅರ್ಲ್ (ಅಂದರೆ ಬಿರುದಿನ ದೊರೆ) ಜಾರ್ಜ್ ವಾಲ್ಪೋಲ್. ಬ್ರಿಟನ್ನಿನ ಮೊದಲ ಪ್ರಧಾನಿಯ ಮೊಮ್ಮಗ. ಕೈಯಲ್ಲಿ ಕಾಸಿಲ್ಲ, ಆದರೆ ಜೇಬಿನಲ್ಲಿ ನಾರ್ಫೋಕ್‌ನ ಕ್ಯಾಸಲ್ ರೈಸಿಂಗ್ ಕ್ಷೇತ್ರವಿತ್ತು. ಅಲ್ಲಿ ಓಟು ಇದ್ದದ್ದು ಜನರಿಗಲ್ಲ, ಕೆಲವು ಆಸ್ತಿಗಳಿಗೆ. ಆ ಆಸ್ತಿಗಳು ಇಬ್ಬರು ದೊರೆಗಳ ಹಿಡಿತದಲ್ಲಿ. ಸೀಟೂ ಎರಡೇ, ತಲೆಗೊಂದು. ಭಾಷಣ ಬೇಡ, ಬಿಸಿಲಲ್ಲಿ ಮನೆ ಮನೆ ಸುತ್ತುವ ಕಷ್ಟ ಬೇಡ. ಸಾಲದ ಬಾಬ್ತಿಗೆ ಅರ್ಲ್ ಸಾಹೇಬರು ಸೀಟನ್ನೇ ಕೊಟ್ಟರು ಅಂತ ಊರು ಆಡಿಕೊಂಡಿತು.

ಆಡಿಕೊಂಡು ನಕ್ಕಿದ್ದು ಯಾರನ್ನು? ಮಾಣಿಯನ್ನು! ತಟ್ಟೆ ಎತ್ತಿದ ಕೈ ಕಾನೂನು ಮಾಡುವುದೇ ಅಂತ. ಒಂದು ಕ್ಷೇತ್ರವನ್ನು ನಶ್ಯದ ಡಬ್ಬಿಯ ಹಾಗೆ ಜೇಬಲ್ಲಿಟ್ಟುಕೊಂಡ ದೊರೆಯನ್ನು ನೋಡಿ ನಗುವುದು ಅಸಭ್ಯತೆ, ಅಲ್ವಾ?

ಮ್ಯಾಕ್ರೆತ್ ಹೊಸ ಕೆಲಸವನ್ನೂ ಚೆನ್ನಾಗಿಯೇ ಕಲಿತ. ಆಗಷ್ಟೇ ಪ್ರಾಯಕ್ಕೆ ಬಂದ, ಸಾಲದಲ್ಲಿ ಮುಳುಗಿದ ಶ್ರೀಮಂತ ಹುಡುಗನೊಬ್ಬನ ಆಸ್ತಿಗೆ ಟ್ರಸ್ಟಿಯಾದ. ಆ ಆಸ್ತಿಯನ್ನು ತಾನೇ 39,500 ಪೌಂಡಿಗೆ ಕೊಂಡು, ಕೆಲವೇ ದಿನಗಳಲ್ಲಿ 50,500ಕ್ಕೆ ಮಾರಿದ. ಕೋರ್ಟು ಲಾಭ ಕಕ್ಕಿಸಿತು. ಆ ಕೇಸಿನಲ್ಲಿ ಎದುರು ವಾದಿಸಿದ್ದ ವಕೀಲ ಜಾನ್ ಸ್ಕಾಟ್‌ರನ್ನು ದ್ವಂದ್ವಯುದ್ಧಕ್ಕೆ ಕರೆದ. ಅವರು ಪಿಸ್ತೂಲು ಎತ್ತಲಿಲ್ಲ, ಕೇಸು ಹಾಕಿದರು. ಆರು ವಾರ ಜೈಲು, 100 ಪೌಂಡ್ ದಂಡ.

ಸದಸ್ಯತ್ವ ಹೋಯಿತೇ? ಛೆ, ಎಲ್ಲಾದರೂ ಉಂಟೇ! ಅಷ್ಟೊತ್ತಿಗೆ ಡೆವನ್‌ನ ಆಶ್‌ಬರ್ಟನ್ ಎಂಬ ಇನ್ನೊಂದು ಕ್ಷೇತ್ರದಿಂದ ಕೂತಿದ್ದ. 1802ರವರೆಗೂ ಕದಲಲಿಲ್ಲ. ನಡುವೆ, 1795ರಲ್ಲಿ, ರಾಜರು ನೈಟ್ ಪದವಿ ಬೇರೆ ಕೊಟ್ಟರು. ಹರೆಯದಲ್ಲಿ ಊರಿನವರಿಗೆಲ್ಲ 'ಸರ್, ಇನ್ನೇನು ಬೇಕು ಸರ್' ಅಂದಿದ್ದ ಮಾಣಿಯನ್ನು ಇನ್ನು ಮೇಲೆ ಊರಿನವರೇ 'ಸರ್ ರಾಬರ್ಟ್' ಅನ್ನಬೇಕಾಯಿತು.