ಒಂದೇ ಕೆಲಸ, ಮೂರು ತೀರ್ಪು

1945ರ ನವೆಂಬರ್‌ನಲ್ಲಿ ಒಬ್ಬನೇ ರಾಜನ ಹೆಸರಿನಲ್ಲಿ ಎರಡು ಊರುಗಳಲ್ಲಿ ದ್ರೋಹದ ವಿಚಾರಣೆ ನಡೆಯಿತು. ಲಂಡನ್ನಿನಲ್ಲಿ ಕಟಕಟೆ ಹತ್ತಿದವನು ಜಾನ್ ಏಮರಿ. ದೆಹಲಿಯ ಕೆಂಪುಕೋಟೆಯಲ್ಲಿ ಷಾ ನವಾಜ್ ಖಾನ್, ಪ್ರೇಮ್ ಸೆಹಗಲ್ ಮತ್ತು ಗುರುಬಕ್ಷ್ ಸಿಂಗ್ ಧಿಲ್ಲೋನ್. ಜರ್ಮನರ ಸೆರೆಶಿಬಿರದಲ್ಲಿದ್ದ ಬ್ರಿಟಿಷರ ಬಳಿ ಹೋಗಿ ‘ಬನ್ನಿ, ಹಿಟ್ಲರನ ಕಡೆಯಿಂದ ಹೋರಾಡೋಣ’ ಎಂದು ಕರೆದವನು ಏಮರಿ. ಸಿಂಗಪುರ ಬಿದ್ದಾಗ ಜಪಾನೀಯರಿಗೆ ಸೆರೆಸಿಕ್ಕ ಭಾರತೀಯ ಸೈನಿಕರನ್ನು ಕೂಡಿಸಿ ಕಟ್ಟಿದ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳು ಈ ಮೂವರು. ಕಾನೂನಿನ ಕಣ್ಣಿಗೆ ಎರಡೂ ಕಡೆಯವರದು ಒಂದೇ ಕೆಲಸ: ರಾಜನಿಗೆ ನಿಷ್ಠರಾಗಿರಬೇಕಾದವರು, ರಾಜನ ಶತ್ರುವಿನ ಜೊತೆ ಸೇರಿ, ಸೆರೆಯಾಳುಗಳನ್ನು ಅವನ ವಿರುದ್ಧವೇ ನಿಲ್ಲಿಸಿದ್ದು.

ಏಮರಿ ತಪ್ಪೊಪ್ಪಿಕೊಂಡ. ಎಂಟು ನಿಮಿಷಕ್ಕೆ ವಿಚಾರಣೆ ಮುಗಿಯಿತು. ಡಿಸೆಂಬರ್ 19ಕ್ಕೆ ನೇಣು. ಕೆಂಪುಕೋಟೆಯ ವಿಚಾರಣೆ ವರ್ಷದ ಕೊನೆಯ ದಿನದವರೆಗೂ ನಡೆದು, ಮೂವರೂ ಅಪರಾಧಿಗಳೆಂದು ತೀರ್ಮಾನವಾಗಿ, ಜೀವಾವಧಿ ಗಡೀಪಾರು ಎಂದಾಯಿತು. ಆದರೆ ಸೇನೆಯ ದಂಡನಾಯಕ ಆಕಿನ್‌ಲೆಕ್ ಆ ಶಿಕ್ಷೆಯನ್ನು ಮನ್ನಾ ಮಾಡಿ, ನೌಕರಿಯಿಂದ ವಜಾ ಮಾಡುವುದಕ್ಕೆ ಮತ್ತು ಬಾಕಿ ಸಂಬಳ ಮುಟ್ಟುಗೋಲು ಹಾಕುವುದಕ್ಕೆ ನಿಲ್ಲಿಸಿದ. ಹೊರಬಂದವರನ್ನು ಜನ ವೀರರೆಂದು ಮೆರೆಸಿದರು.

ಏಮರಿಯ ತಂದೆ ಯಾರೆಂದು ಗೊತ್ತೇ? ಲಿಯೊ ಏಮರಿ. 1940ರಿಂದ 1945ರ ಜುಲೈವರೆಗೆ ಬ್ರಿಟಿಷ್ ಸರ್ಕಾರದಲ್ಲಿ ಭಾರತ ವ್ಯವಹಾರಗಳ ಸಚಿವ. ‘ಭಾರತ ಬಿಟ್ಟು ತೊಲಗಿ’ ಎಂದವರನ್ನೆಲ್ಲ ಜೈಲಿಗೆ ತಳ್ಳಿದ ಆಡಳಿತದ ಲಂಡನ್ ಮುಖ. ಕಾದಂಬರಿಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ‘ಇದು ಅತಿಯಾಯಿತು’ ಎಂದು ಪುಸ್ತಕ ಮುಚ್ಚಿಡುತ್ತಿದ್ದೆವು.

ಇನ್ನೊಬ್ಬನನ್ನೂ ಈ ಸಾಲಿಗೆ ಸೇರಿಸಬೇಕು. ರೋಜರ್ ಕೇಸ್‌ಮೆಂಟ್ ಐರಿಷ್ ಮನುಷ್ಯ, ಬ್ರಿಟನ್ನಿನ ರಾಜತಾಂತ್ರಿಕ. ಕಾಂಗೋದಲ್ಲಿ, ದಕ್ಷಿಣ ಅಮೆರಿಕದ ಪುಟುಮಾಯೊದಲ್ಲಿ ರಬ್ಬರ್ ವ್ಯಾಪಾರಕ್ಕಾಗಿ ಮೂಲನಿವಾಸಿಗಳ ಮೇಲೆ ನಡೆದ ಹಿಂಸೆಯನ್ನು ಜಗತ್ತಿಗೆ ತೋರಿಸಿ 1911ರಲ್ಲಿ ‘ಸರ್’ ಪದವಿ ಪಡೆದವನು. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಹೋಗಿ, ಅಲ್ಲಿ ಸೆರೆಯಲ್ಲಿದ್ದ ಐರಿಷ್ ಸೈನಿಕರನ್ನು ಬ್ರಿಟನ್ನಿನ ವಿರುದ್ಧ ಕಟ್ಟಲು ನೋಡಿದ. 1916ರ ಏಪ್ರಿಲ್‌ನಲ್ಲಿ ಐರ್ಲೆಂಡಿನ ಕಡಲತೀರದಲ್ಲಿ ಸಿಕ್ಕಿಬಿದ್ದ. ಅವನ ಮೇಲೆ ಹೂಡಿದ್ದು 1351ರ ದೇಶದ್ರೋಹದ ಕಾನೂನು. ಅದರ ಒಂದು ವಾಕ್ಯವನ್ನು ಹೇಗೆ ತುಂಡರಿಸಿ ಓದಬೇಕು, ದೇಶದ ಹೊರಗೆ ನಡೆದ ಕೃತ್ಯ ಅದರೊಳಗೆ ಬರುತ್ತದೆಯೇ ಎಂಬ ವಾದ ಎದ್ದು, ಅಲ್ಪವಿರಾಮವಿದೆಯೋ ಇಲ್ಲವೋ ಎಂದು ನ್ಯಾಯಾಧೀಶರು ಹಳೆಯ ಮೂಲಪ್ರತಿಯನ್ನೇ ತೆರೆಸಿ ನೋಡಿದರು. ಅಷ್ಟು ಸೂಕ್ಷ್ಮ! ಆಮೇಲೆ ಕ್ಷಮಾದಾನಕ್ಕೆ ದೊಡ್ಡವರೆಲ್ಲ ಸಹಿ ಹಾಕತೊಡಗಿದಾಗ, ಅವನ ಖಾಸಗಿ ದಿನಚರಿಯ ಪುಟಗಳನ್ನು ಸರ್ಕಾರದವರೇ ಆಯ್ದವರ ಕೈಗೆ ದಾಟಿಸಿ, ಅವನು ಗಂಡಸರ ಸಂಗ ಮಾಡಿದವನು ಎಂದು ಗುಲ್ಲೆಬ್ಬಿಸಿದರು. ಆರೋಪ ದೇಶದ್ರೋಹದ್ದು, ಕ್ಷಮೆ ತಪ್ಪಿಸಿದ್ದು ಹಾಸಿಗೆಯ ಸುದ್ದಿ. ಆಗಸ್ಟ್ 3ರಂದು ನೇಣು ಹಾಕಿ ಜೈಲಿನ ಅಂಗಳದಲ್ಲೇ ಹೂತರು. 1965ರಲ್ಲಿ ಐರ್ಲೆಂಡ್ ಆ ಮೂಳೆಗಳನ್ನು ತರಿಸಿಕೊಂಡು ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಸಿತು.

‘ಗೆದ್ದವನು ಇತಿಹಾಸ ಬರೆಯುತ್ತಾನೆ, ಅಷ್ಟೇ’ ಎಂದು ಕೈ ತೊಳೆದುಕೊಳ್ಳುವವರು ಈಗ ಬಂದೇ ಬರುತ್ತಾರೆ. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಅದು ಯೋಚಿಸದೆ ಜಾಣನಾಗುವ ಸುಲಭ ದಾರಿ. ಬ್ರಿಟನ್ ಎರಡನೆಯ ಮಹಾಯುದ್ಧದಲ್ಲಿ ಗೆದ್ದಿತ್ತು, ಆದರೂ ಕೆಂಪುಕೋಟೆಯ ಮೂವರನ್ನು ನೇಣಿಗೇರಿಸುವ ಧೈರ್ಯ ಅದಕ್ಕೆ ಆಗಲಿಲ್ಲ. ಗೆದ್ದವರೂ ಹಿಂಜರಿದದ್ದೇಕೆ ಎಂಬುದೇ ಕೇಳಬೇಕಾದ ಪ್ರಶ್ನೆ.

ಆ ಮೂವರ ವಕೀಲ ಭುಲಾಭಾಯಿ ದೇಸಾಯಿ ಅಲ್ಲಿ ಮಂಡಿಸಿದ ವಾದದ ತಿರುಳು ಇಷ್ಟು: ಪರರ ಆಳ್ವಿಕೆಯಲ್ಲಿರುವ ಜನರಿಗೆ ಬಿಡುಗಡೆಗಾಗಿ ಯುದ್ಧ ಮಾಡುವ ಹಕ್ಕಿದೆ; ಅಂಥ ಯುದ್ಧ ಮಾಡಿದವರನ್ನು ಕೊಲೆಗಡುಕರಂತೆ ವಿಚಾರಿಸಲು ಬರುವುದಿಲ್ಲ. ನಿಷ್ಠೆ ಕೇಳುವವನಿಗೂ ಒಂದು ಅರ್ಹತೆ ಬೇಕು ಎಂಬುದು ಅದರ ಒಳದನಿ. ಏಮರಿಗೆ ಮತ ಹಾಕುವ ಹಕ್ಕಿತ್ತು, ಸರ್ಕಾರವನ್ನು ಬೈಯುವ ಹಕ್ಕಿತ್ತು, ಅಪ್ಪ ಸಚಿವನಾಗಿದ್ದ. ಷಾ ನವಾಜ್ ಖಾನರಿಗೆ ಆ ಸಾಮ್ರಾಜ್ಯದಲ್ಲಿ ಇದ್ದದ್ದು ಸಂಬಳ ಮತ್ತು ಸಮವಸ್ತ್ರ. ಒಬ್ಬ ತನಗೆ ಸೇರಿದ್ದನ್ನು ಮಾರಲು ಹೊರಟ, ಇನ್ನೊಬ್ಬರು ತಮಗೆ ಸೇರಬೇಕಾದದ್ದನ್ನು ಕೇಳಲು ಹೊರಟರು. ಸರ್ಕಾರದ ವಿರುದ್ಧ ಯುದ್ಧ ಹೂಡಿದವರನ್ನು ಶಿಕ್ಷಿಸುತ್ತಿದ್ದ ಭಾರತೀಯ ದಂಡಸಂಹಿತೆಯ 121ನೆಯ ಕಲಮಿಗೆ ಈ ವ್ಯತ್ಯಾಸ ಕಾಣುತ್ತಿರಲಿಲ್ಲ. ಅಂದ ಹಾಗೆ, ಫೌಜಿನ ಅಧಿಕಾರಿಗಳ ಮೇಲೆ ಹಾಕಿದ್ದ ಆ ಕಲಮು ಸ್ವಾತಂತ್ರ್ಯ ಬಂದಮೇಲೂ, 2024ರಲ್ಲಿ ಹೊಸ ಸಂಹಿತೆ ಬರುವವರೆಗೆ, ನಮ್ಮಲ್ಲೇ ಉಳಿಯಿತು. ಮುಂಬೈ ದಾಳಿಯ ಕಸಬ್ ಅಪರಾಧಿಯಾದದ್ದು ಅದರಡಿಯೂ ಹೌದು. ಒಂದೇ ಕಲಮು, ಎಂಥೆಂಥವರ ಮೇಲೆ!

ಹಾಗೆಂದು ಫೌಜಿನ ಕಥೆಯನ್ನು ಬರೀ ಹೂಮಾಲೆಯಲ್ಲಿ ಮುಗಿಸಲು ನನಗೆ ಮನಸ್ಸಿಲ್ಲ. ಅವರು ಕೈ ಹಿಡಿದಿದ್ದ ಜಪಾನಿನ ಸೇನೆ ಅದೇ ಹೊತ್ತಿಗೆ ಅಂಡಮಾನ್‌ನಲ್ಲಿತ್ತು. 1944ರ ಜನವರಿಯಲ್ಲಿ ಹಂಫ್ರೆಗಂಜ್‌ನಲ್ಲಿ 44 ಭಾರತೀಯರನ್ನು ಬ್ರಿಟಿಷರ ಗೂಢಚಾರರೆಂದು ಹೇಳಿ ಗುಂಡಿಕ್ಕಿ ಕೊಂದಿತು. ಅವರೂ ‘ದ್ರೋಹಿ’ಗಳಾಗಿಯೇ ಸತ್ತವರು. ಇನ್ನೊಂದೆಡೆ, ಮಾಡಿದ ಪ್ರಮಾಣ ಮುರಿಯುವುದಿಲ್ಲ ಎಂದು ಫೌಜಿಗೆ ಸೇರದೆ ಜಪಾನೀಯರ ಸೆರೆಯಲ್ಲಿ ನವೆದು ಸತ್ತ ಭಾರತೀಯ ಸೈನಿಕರೂ ಸಾವಿರಾರು. ಅವರಿಗೆ ನಮ್ಮಲ್ಲಿ ಜಯಂತಿಯಿಲ್ಲ, ಪ್ರತಿಮೆಯಿಲ್ಲ. ಸ್ವತಂತ್ರ ಭಾರತದ ಸರ್ಕಾರವಾದರೂ ಫೌಜಿನವರನ್ನು ಹಾಡಿ ಹೊಗಳಿತೇ ಹೊರತು ಸೇನೆಗೆ ಮರಳಿ ತೆಗೆದುಕೊಳ್ಳಲಿಲ್ಲ. ಅಂದರೆ, ಒಮ್ಮೆ ಪ್ರಮಾಣ ಮುರಿದವನ ಬಗ್ಗೆ ಯಾವ ಸೇನೆಗೂ, ನಮ್ಮದಕ್ಕೂ, ಒಳಗೊಳಗೇ ಅಳುಕು.

ಈ ಅಳುಕು ತೀರಾ ಹಳೆಯದು. ಅಣ್ಣ ಮಾಡಿದ್ದು ತಪ್ಪೆಂದು ಎದುರಿಗೇ ಹೇಳಿ, ಸಭೆಯಿಂದ ಹೊರಹಾಕಿಸಿಕೊಂಡು, ನ್ಯಾಯವಿದ್ದ ಕಡೆ ಹೋದವನು ವಿಭೀಷಣ. ತಾನಿರುವ ಪಕ್ಷ ಅಧರ್ಮದ್ದೆಂದು ಗೊತ್ತಿದ್ದೂ, ಕೃಷ್ಣನೇ ಬಂದು ಕರೆದರೂ, ಋಣ ಬಿಡಲಾರೆ ಎಂದು ನಿಂತವನು ಕರ್ಣ. ಧರ್ಮಶಾಸ್ತ್ರ ಯಾರನ್ನು ಮೆಚ್ಚುತ್ತದೋ, ಕನ್ನಡಿಗರಾದ ನಾವಂತೂ ಸಾವಿರ ವರ್ಷದಿಂದ ಕಣ್ಣೀರಿಟ್ಟದ್ದು ಕರ್ಣನಿಗೆ. ವಿಭೀಷಣನಿಗೆ ಲಂಕೆಯ ಸಿಂಹಾಸನ ಸಿಕ್ಕಿತು, ಅಕ್ಕರೆ ಸಿಗಲಿಲ್ಲ. ನ್ಯಾಯಕ್ಕಿಂತ ನಿಷ್ಠೆಯೇ ನಮ್ಮ ಕರುಳಿಗೆ ಹತ್ತಿರ. ಇದನ್ನು ಒಪ್ಪಿಕೊಂಡರೆ, ದ್ರೋಹದ ಮಾತು ಬಂದಾಗ ನಮ್ಮ ತಲೆ ಏಕೆ ಬಿಸಿಯಾಗುತ್ತದೆ ಎಂಬುದು ಅರ್ಥವಾದೀತು.

ತಲೆ ಬಿಸಿಯಾದ ದೇಶ ಏನು ಮಾಡುತ್ತದೆ ಎಂಬುದಕ್ಕೆ ಪ್ಯಾರಿಸ್ಸಿನ ಸೈನಿಕ ಶಾಲೆಯ ಅಂಗಳ ನೋಡಿ. 1895ರ ಜನವರಿ 5, ಬೆಳಿಗ್ಗೆ. ಜರ್ಮನಿಗೆ ರಹಸ್ಯ ಮಾರಿದನೆಂದು ಶಿಕ್ಷೆಗೊಳಗಾದ ಯಹೂದಿ ಕ್ಯಾಪ್ಟನ್ ಆಲ್ಫ್ರೆಡ್ ಡ್ರೇಫಸ್‌ನನ್ನು ಸಾಲುಗಟ್ಟಿದ ಸೈನ್ಯದ ನಡುವೆ ನಿಲ್ಲಿಸಿದರು. ಎತ್ತರದ ಅಧಿಕಾರಿಯೊಬ್ಬ ಅವನ ಅಂಗಿಯ ಗುಂಡಿ, ಪಟ್ಟಿಗಳನ್ನು ಒಂದೊಂದಾಗಿ ಕಿತ್ತೆಸೆದ. ಕತ್ತಿಯನ್ನು ತೆಗೆದುಕೊಂಡು ಮೊಣಕಾಲಿಗೆ ಬಡಿದು ಎರಡು ತುಂಡು ಮಾಡಿದ. ಡ್ರೇಫಸ್ ‘ನಾನು ನಿರಪರಾಧಿ’ ಎಂದು ಕೂಗುತ್ತಲೇ ಇದ್ದ. ಬೇಲಿಯಾಚೆಯ ಗುಂಪು ‘ಕೊಲ್ಲಿ’ ಎನ್ನುತ್ತಿತ್ತು. ಗುಂಡಿಗಳು ಸಲೀಸಾಗಿ ಕಿತ್ತು ಬರಲೆಂದು ಹೊಲಿಗೆಯನ್ನು ಮೊದಲೇ ಸಡಿಲಿಸಿದ್ದರು, ಕತ್ತಿಯನ್ನೂ ಸುಲಭವಾಗಿ ಮುರಿಯುವಂತೆ ಸಿದ್ಧಮಾಡಿದ್ದರು. ಅಪರಾಧವನ್ನು ಹೊಲಿದಿಟ್ಟವರು ಅವಮಾನವನ್ನು ಹೊಲಿಯದೆ ಬಿಡುತ್ತಾರೆಯೇ? ನಿಜವಾದ ಅಪರಾಧಿ ಎಸ್ಟರ್‌ಹೇಜಿಯನ್ನು 1898ರಲ್ಲಿ ಸೇನಾ ನ್ಯಾಯಾಲಯ ನಿರ್ದೋಷಿ ಎಂದು ಬಿಟ್ಟಿತು. ಡ್ರೇಫಸ್‌ಗೆ ಅಂಟಿದ ಮಸಿ ಅಳಿದದ್ದು 1906ರಲ್ಲಿ.

ಅದೇ ಫ್ರಾನ್ಸ್ ಅರ್ಧ ಶತಮಾನದ ನಂತರ ಇನ್ನೊಂದು ಪರೀಕ್ಷೆಗೆ ಕೂತಿತು. 1940ರಲ್ಲಿ ಜರ್ಮನಿಗೆ ಶರಣಾದ ವಿಷಿ ಸರ್ಕಾರದ ಮುಖ್ಯಸ್ಥ ಮಾರ್ಷಲ್ ಪೆತಾಂ, ಮೊದಲ ಮಹಾಯುದ್ಧದ ವರ್ದಾಂ ಕದನದ ವೀರ. ಆ ಸರ್ಕಾರದ ಸೇನಾ ನ್ಯಾಯಾಲಯ ಶರಣಾಗದೆ ಹೋರಾಡಲು ಲಂಡನ್ನಿಗೆ ಹೋಗಿದ್ದ ಸೇನಾಧಿಕಾರಿ ದ ಗಾಲ್‌ಗೆ ದ್ರೋಹಿಯೆಂದು ಮರಣದಂಡನೆ ವಿಧಿಸಿತು. ಐದು ವರ್ಷ ಕಳೆದು 1945ರಲ್ಲಿ ಪೆತಾಂಗೆ ಮರಣದಂಡನೆ. ಅದನ್ನು ಜೀವಾವಧಿಗೆ ಇಳಿಸಿದವನು ಅದೇ ದ ಗಾಲ್. ಇದು ಮೇಲಿನವರ ಲೆಕ್ಕ. ಬೀದಿಯಲ್ಲಿ ಆದದ್ದು ಬೇರೆ. ಜರ್ಮನರ ಸಂಗ ಮಾಡಿದರೆಂದು ಸುಮಾರು 20,000 ಹೆಂಗಸರ ತಲೆ ಬೋಳಿಸಿದರು ಎಂದು ಇತಿಹಾಸಕಾರರ ಅಂದಾಜು. ಬೋರ್ಡೋ ಕಡೆಯಿಂದ ಯಹೂದಿಗಳನ್ನು ಸಾಗಹಾಕುವ ಕಾಗದಗಳಿಗೆ ಸಹಿ ಹಾಕಿದ ಅಧಿಕಾರಿ ಮೋರಿಸ್ ಪಾಪೋನ್ ಮಾತ್ರ ಪ್ಯಾರಿಸ್ಸಿನ ಪೊಲೀಸ್ ಮುಖ್ಯಸ್ಥನಾದ, ಮುಂದೆ ಬಜೆಟ್ ಮಂತ್ರಿಯೂ ಆದ. ಅವನಿಗೆ ಶಿಕ್ಷೆಯಾಗಲು 1998 ಬರಬೇಕಾಯಿತು. ನಾಲ್ಕು ವರ್ಷ ಬಾಯಿಮುಚ್ಚಿಕೊಂಡು ಬದುಕಿದ ಊರಿಗೆ ತನ್ನ ನಾಚಿಕೆಯನ್ನು ಯಾರ ತಲೆಯ ಮೇಲಾದರೂ ಹಾಕಿ ಬೋಳಿಸಬೇಕಿತ್ತು. ಅದಕ್ಕೆ ಹೆಂಗಸರು ಸಿಕ್ಕರು. ದ್ರೋಹದ ವಿಚಾರಣೆ ಎಂದರೆ ಎಷ್ಟೋ ಸಲ ದೇಶ ತನ್ನ ಮುಖ ತೊಳೆದುಕೊಳ್ಳುವ ಕ್ರಮ. ಕಟಕಟೆಯಲ್ಲಿ ನಿಂತವನು ಬರೀ ನೀರು.

ಹಾಗಾದರೆ ದ್ರೋಹ ಎಂಬುದೇ ಇಲ್ಲವೇ? ಇದೆ, ಖಂಡಿತ ಇದೆ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಲ್ಲಿದ್ದ ಆಲ್ಡ್ರಿಚ್ ಏಮ್ಸ್ 1985ರಿಂದ ಸೋವಿಯತ್ ಒಕ್ಕೂಟಕ್ಕೆ ಹೆಸರುಗಳನ್ನು ಮಾರಿದ. ಸಾಲ ತೀರಿಸಲು ಆರಂಭಿಸಿದ್ದು, ಆಮೇಲೆ ಜಾಗ್ವಾರ್ ಕಾರು, ನಗದು ಕೊಟ್ಟು ಕೊಂಡ ಮನೆ. ಅವನನ್ನು ಕಣ್ಣಾರೆ ಕಾಣದ, ಅವನ ಕಚೇರಿಯನ್ನು ನಂಬಿದ್ದ ಜನ ಮಾಸ್ಕೋದಲ್ಲಿ ಗುಂಡಿಗೆ ಬಲಿಯಾದರು. ಆ ಸತ್ತವರೂ ತಮ್ಮ ದೇಶದ ಲೆಕ್ಕದಲ್ಲಿ ದ್ರೋಹಿಗಳೇ ಎಂಬುದು ಬೇರೆ ಮಾತು. ಆದರೆ ನನ್ನನ್ನು ಕೇಳಿದರೆ, ಧ್ವಜ ಯಾವುದೆಂದು ನೋಡುವ ಮೊದಲು ಬೆಲೆ ತೆತ್ತವರು ಯಾರೆಂದು ನೋಡಬೇಕು. ಏಮ್ಸ್ ಮಾಡಿದ ಕೆಲಸಕ್ಕೆ ಬೆಲೆ ಇನ್ನೊಬ್ಬರ ಪ್ರಾಣ, ಲಾಭ ಅವನ ಜೇಬಿಗೆ. ಕೇಸ್‌ಮೆಂಟ್ ಮಾಡಿದ ಕೆಲಸದಲ್ಲಿ ಪದವಿ ಹೋದದ್ದೂ ಅವನದೇ, ಕುತ್ತಿಗೆ ಹೋದದ್ದೂ ಅವನದೇ. ಇದು ಪೂರ್ತಿ ಅಳತೆಗೋಲಲ್ಲ, ಒಪ್ಪುತ್ತೇನೆ. ಪ್ರಾಣ ಕೊಟ್ಟು ಕೆಟ್ಟದ್ದಕ್ಕೆ ದುಡಿದವರೂ ಇದ್ದಾರೆ. ಏಮರಿಯೂ ಪ್ರಾಣ ಕೊಟ್ಟ. ಆದರೂ ಉಂಡ ಮನೆಗೆ ಎರಡು ಬಗೆದವನಿಗೂ ಮನೆಯಲ್ಲಿ ಎಲೆಯನ್ನೇ ಹಾಕದಿದ್ದಾಗ ಎದ್ದು ಹೋದವನಿಗೂ ಒಂದೇ ಹಣೆಪಟ್ಟಿ ಹಚ್ಚುವುದಕ್ಕಿಂತ ಇದು ವಾಸಿ.

ಕಾನೂನಿನ ವಿಷಯದಲ್ಲಿ ನನಗೆ ಮೆಚ್ಚುಗೆಯಾಗುವುದು 1787ರಲ್ಲಿ ಅಮೆರಿಕದವರು ಬರೆದುಕೊಂಡ ಸಂವಿಧಾನ. ದೇಶದ ವಿರುದ್ಧ ಯುದ್ಧ ಹೂಡುವುದು ಅಥವಾ ಶತ್ರುವಿನ ಜೊತೆ ಸೇರಿ ನೆರವಾಗುವುದು, ಇವೆರಡೇ ದೇಶದ್ರೋಹ. ಸಾಬೀತಿಗೆ ಒಂದೇ ಕೃತ್ಯವನ್ನು ಕಂಡ ಇಬ್ಬರು ಸಾಕ್ಷಿಗಳಿರಬೇಕು, ಇಲ್ಲವೇ ತೆರೆದ ನ್ಯಾಯಾಲಯದಲ್ಲಿ ತಪ್ಪೊಪ್ಪಿಗೆ ಆಗಬೇಕು. ಇಷ್ಟು ಬಿಗಿಯಾಗಿ ಬರೆದದ್ದು ಔದಾರ್ಯದಿಂದಲ್ಲ. ಹನ್ನೊಂದು ವರ್ಷಗಳ ಹಿಂದೆ ಇಂಗ್ಲೆಂಡಿನ ಕಾನೂನಿನಡಿ ತಾವೇ ನೇಣಿಗೆ ಅರ್ಹರಾಗಿದ್ದದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಈಗ ಮೊಬೈಲ್ ಹಿಡಿದು ಊಟವಾದ ಮೇಲೆ ದಿನಕ್ಕೆ ನಾಲ್ಕು ದೇಶದ್ರೋಹಿಗಳನ್ನು ಗುರುತಿಸುವವರಿಗೆ ಇಬ್ಬರು ಸಾಕ್ಷಿಗಳಿರಲಿ, ಒಂದು ಕೃತ್ಯವೂ ಬೇಕಾಗಿಲ್ಲ. ಮುಖ ನೋಡಿದರೆ, ಹೆಸರು ಓದಿದರೆ ಸಾಕು.

ಜರ್ಮನಿಯ ಕಥೆ ಹೇಳಿ ಮುಗಿಸುತ್ತೇನೆ. 1944ರ ಜುಲೈ 20ರಂದು ಹಿಟ್ಲರನ ಕೋಣೆಯಲ್ಲಿ ಬಾಂಬಿಟ್ಟ ಸ್ಟೌಫೆನ್‌ಬರ್ಗ್ ಮತ್ತು ಗೆಳೆಯರನ್ನು ಯುದ್ಧ ಮುಗಿದಮೇಲೂ ಅನೇಕರು ದ್ರೋಹಿಗಳೆಂದೇ ಕರೆಯುತ್ತಿದ್ದರು. ಹಾಗೆ ಬಹಿರಂಗವಾಗಿ ಕರೆದ ರೆಮರ್ ಎಂಬ ಮಾಜಿ ಸೇನಾಧಿಕಾರಿಯ ಮೇಲೆ 1952ರಲ್ಲಿ ಮೊಕದ್ದಮೆ ನಡೆಸಿದ ಸರ್ಕಾರಿ ವಕೀಲ ಫ್ರಿಟ್ಸ್ ಬಾವರ್, ಅನ್ಯಾಯದ ರಾಜ್ಯಕ್ಕೆ ದ್ರೋಹ ಬಗೆಯುವುದು ಸಾಧ್ಯವೇ ಇಲ್ಲ ಎಂದು ವಾದಿಸಿದ. ರೆಮರ್‌ಗೆ ಮೂರು ತಿಂಗಳ ಶಿಕ್ಷೆಯಾಯಿತು. ಕರ್ನಲ್, ಜನರಲ್‌ಗಳ ಹೆಸರು ಹೀಗೆ ಬೇಗನೇ ಶುದ್ಧವಾಯಿತು. ‘ಯುದ್ಧದ್ರೋಹ’ ಎಂಬ ಆರೋಪದಲ್ಲಿ ಸತ್ತ ಸಾಮಾನ್ಯ ಸಿಪಾಯಿಗಳ ಶಿಕ್ಷೆಯನ್ನು ಸಂಸತ್ತು ರದ್ದು ಮಾಡಿದ್ದು 2009ರ ಸೆಪ್ಟೆಂಬರ್‌ನಲ್ಲಿ. ಓಡಿಹೋದ ಸೈನಿಕರನ್ನು 2002ರಲ್ಲೇ ಮನ್ನಿಸಿದ್ದರೂ ಇವರನ್ನು ಬಿಟ್ಟಿದ್ದರು. ಇವರಿಂದ ಜೊತೆಯ ಸೈನಿಕರ ಜೀವಕ್ಕೆ ಅಪಾಯವಾಗಿರಬಹುದು ಎಂಬ ಆಕ್ಷೇಪವಿತ್ತು. ಬೆಲೆ ತೆತ್ತವರು ಯಾರು ಎಂಬ ನನ್ನ ಪ್ರಶ್ನೆಯೂ ಅದೇ ಆದ್ದರಿಂದ ಆ ಆಕ್ಷೇಪವನ್ನು ತಳ್ಳಿಹಾಕುವುದಿಲ್ಲ. ಆದರೆ ಅದನ್ನು ಒಬ್ಬೊಬ್ಬನ ಕಡತ ತೆರೆದು ಕೇಳಬೇಕಿತ್ತು. ಇತಿಹಾಸಕಾರರು ಕೊನೆಗೂ ಕಡತಗಳನ್ನು ತೆರೆದಾಗ ಸಿಕ್ಕವರಲ್ಲಿ ಯಹೂದಿಗಳಿಗೆ ನೆರವಾದವರಿದ್ದರು, ಸೆರೆಯಾಳುಗಳ ಮೇಲೆ ಕನಿಕರ ತೋರಿದವರಿದ್ದರು. ಅಷ್ಟು ವರ್ಷ ಆ ಕಡತಗಳು ಅಲ್ಲೇ ಇದ್ದವು. ಯಾರೂ ಕೇಳಿರಲಿಲ್ಲ.