ಪುಟ್ಟೀ, ಸೂರ್ಯ ಮುಳುಗಿತು!

ಡಿಸೆಂಬರ್ ತಿಂಗಳು, ರಾತ್ರಿ ಎಂಟೂ ಮುಕ್ಕಾಲು. ಆಸ್ಟ್ರೇಲಿಯಾದ ಮೆಲ್ಬರ್ನಿನ ಒಂದು ಬೀದಿಯಲ್ಲಿ ಲುಂಗಿ ಉಟ್ಟ ಗಂಡಸೊಬ್ಬ ಮೀನಿನ ಡಬ್ಬಿಗೆ ಚಮಚದಿಂದ ಟಣ ಟಣ ಬಡಿಯುತ್ತಾ, "ಪುಟ್ಟೀ... ಪುಟ್ಟೀ..." ಎಂದು ಅವರಿವರ ಬೇಲಿ ಇಣುಕುತ್ತಿದ್ದರೆ ಗಾಬರಿಯಾಗಬೇಡಿ, ಅದು ನಾನೇ. ಸೂರ್ಯ ಮುಳುಗುತ್ತಿದ್ದಾನೆ. ಮುಳುಗಿದ ಮೇಲೆ ನಮ್ಮ ಕೌನ್ಸಿಲ್ (ಇಲ್ಲಿನ ನಗರಸಭೆ) ವ್ಯಾಪ್ತಿಯ ಬೆಕ್ಕುಗಳೆಲ್ಲ ಅವರವರ ಮನೆಯಲ್ಲೇ ಇರಬೇಕು. ಬೆಳಗಾಗುವ ತನಕ ಕರ್ಫ್ಯೂ.

"ಬೆಕ್ಕಿಗೆ ಕರ್ಫ್ಯೂನಾ?" ಊರಿಂದ ಬಂದಿದ್ದ ಅಮ್ಮ ಮೊದಲ ದಿನ ನಕ್ಕಿದ್ದೇ ನಕ್ಕಿದ್ದು. ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಬೆಕ್ಕು ಸಾಕುವುದು ಅಂತ ಇಲ್ಲ. ಅದು ಅಟ್ಟದಲ್ಲಿ ಮಲಗುತ್ತದೆ, ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೆ ಬರುತ್ತದೆ. ನಡುವೆ ಎಲ್ಲಿ ಹೋಗಿತ್ತು ಎಂದು ಯಾರೂ ಕೇಳುವುದಿಲ್ಲ.

ಇಲ್ಲಿ ಕೇಳುತ್ತಾರೆ. ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ಬೆಕ್ಕಿಗೆ ಮೂರು ತಿಂಗಳಾದರೆ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಮಾಡಿಸಬೇಕು. ಪ್ರತಿ ವರ್ಷ ಏಪ್ರಿಲ್ 10ರೊಳಗೆ ಮತ್ತೆ ದುಡ್ಡು ಕಟ್ಟಬೇಕು. ಚರ್ಮದಡಿ ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್, ಅದಕ್ಕೆ 15 ಅಂಕಿಯ ನಂಬರ್. "ನನ್ನ ಆಧಾರಿಗೇ ಇರೋದು ಹನ್ನೆರಡು" ಅಂದರು ಅಮ್ಮ.

ಮಗಳು ಪುಟ್ಟಿ ಎಂದು ಹೆಸರಿಟ್ಟಿದ್ದಳು. ನಾನು ಫಾರ್ಮಿನಲ್ಲಿ ಧೈರ್ಯವಾಗಿ ಹೆಣ್ಣು ಎಂದು ಬರೆದೆ. ಆಪರೇಷನ್ ಆದ ಬೆಕ್ಕಿಗೆ ಫೀಸು ಕಮ್ಮಿ. ಚಿಪ್, ಆಪರೇಷನ್ ಎರಡೂ ಆಗಿಬಿಡಲಿ ಎಂದು ಡಾಕ್ಟರ ಹತ್ತಿರ ಹೋದರೆ, ಅವರು ಬಾಲ ಎತ್ತಿ ನೋಡಿದರು, ನನ್ನ ಮುಖ ನೋಡಿದರು, ಮತ್ತೊಮ್ಮೆ ಬಾಲ ಎತ್ತಿದರು. ಹೆಣ್ಣು ಅನ್ನುವುದನ್ನು ಹೊಡೆದು ಗಂಡು ಎಂದು ತಿದ್ದಿದೆ. ಹೆಸರು ತಿದ್ದಲು ಮಗಳು ಬಿಡಲಿಲ್ಲ.

ಆಮೇಲೆ ಕೌನ್ಸಿಲ್ಲಿನ ಟ್ಯಾಗ್ ಬಂತು. ಮನೆ ದಾಟಿ ಹೋದರೆ ಅದು ಕೊರಳಲ್ಲಿರಬೇಕು. ಹೇಗೂ ಪಟ್ಟಿ ಹಾಕುತ್ತೇವಲ್ಲ, ಹಕ್ಕಿಗಳಿಗೂ ಗೊತ್ತಾಗಲಿ ಎಂದು ಪುಟ್ಟ ಗಂಟೆಯನ್ನೂ ಸೇರಿಸಿದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಷ್ಟು ವರ್ಷ ಕೇಳುತ್ತಿದ್ದಿರಲ್ಲ, ಬಲಗೈ ಮೇಲಿನ ಮೂರು ಗೀರು ತೋರಿಸುತ್ತೇನೆ ಬನ್ನಿ.

ರಾಜಧಾನಿ ಕ್ಯಾನ್‌ಬೆರಾದಲ್ಲಿ ಇನ್ನೂ ಬಿಗಿ. ಅಲ್ಲಿ 2022ರ ಜುಲೈ 1ರಿಂದ ಈಚೆಗೆ ಹುಟ್ಟಿದ ಬೆಕ್ಕು ಹಗಲೂ ಅಷ್ಟೇ, ರಾತ್ರಿಯೂ ಅಷ್ಟೇ, ಅಡ್ಡಾಡುವಂತಿಲ್ಲ. ಅದಕ್ಕೂ ಮೊದಲು ಹುಟ್ಟಿದ್ದಕ್ಕೆ ಎಷ್ಟೋ ಬಡಾವಣೆಗಳಲ್ಲಿ ವಿನಾಯಿತಿ ಇದೆ. ಒಂದನೇ ಕ್ಲಾಸಿನ ಅಡ್ಮಿಷನ್‌ಗೆ ಜೂನ್ 1ರ ಲೆಕ್ಕ ಹಾಕಿ ಹೊಡೆದಾಡಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನಿನ ಮೇಲೆ ನನಗೆ ಸಿಟ್ಟಿಲ್ಲ. ಈ ದೇಶಕ್ಕೆ ಬೆಕ್ಕು ಬಂದದ್ದು ಯುರೋಪಿನವರ ಜೊತೆ. ಇಲ್ಲಿನ ಹಕ್ಕಿ, ಹಲ್ಲಿ, ಸಣ್ಣಪುಟ್ಟ ಪ್ರಾಣಿಗಳಿಗೆ ಇಂಥದ್ದೊಂದು ಬರುತ್ತದೆ ಎಂದು ಗೊತ್ತೇ ಇರಲಿಲ್ಲ. ಒಂದು ಬೆಳಗ್ಗೆ ಬಾಗಿಲ ಮ್ಯಾಟ್ ಮೇಲೆ ಬಾಲವಿಲ್ಲದ ಹಲ್ಲಿಯೊಂದನ್ನು ಇಟ್ಟು, ಪುಟ್ಟಿ ಪಕ್ಕದಲ್ಲಿ ಬಹುಮಾನ ಗೆದ್ದವನ ಹಾಗೆ ಕೂತಿದ್ದ. ಅವತ್ತಿನಿಂದ ನಾನೂ ಕೌನ್ಸಿಲ್ ಪರ.

ತೊಂದರೆ ಇರುವುದು ಸೂರ್ಯನ ಜೊತೆ. ಜೂನ್‌ನಲ್ಲಿ ಇಲ್ಲಿ ಚಳಿಗಾಲ, ಐದು ಗಂಟೆ ದಾಟುತ್ತಿದ್ದಂತೆ ಮುಳುಗುತ್ತಾನೆ. ನಾನಿನ್ನೂ ಆಫೀಸಿನ ಮೀಟಿಂಗಿನಲ್ಲಿರುತ್ತೇನೆ. ಡಿಸೆಂಬರಿನಲ್ಲಿ ಎಂಟೂವರೆಯಾದರೂ ಜಾಗ ಬಿಟ್ಟು ಏಳುವುದಿಲ್ಲ. ನಡುವೆ ವರ್ಷಕ್ಕೆರಡು ಸಲ ಗಡಿಯಾರವನ್ನು ಬೇರೆ ಒಂದು ಗಂಟೆ ಹಿಂದೆ ಮುಂದೆ ತಿರುಗಿಸುತ್ತಾರೆ. ಪುಟ್ಟಿಯ ಹೊಟ್ಟೆಯೊಳಗಿನ ಗಡಿಯಾರ ಯಾರು ತಿರುಗಿಸಬೇಕು?

ಇದರ ನಡುವೆ ಎಲ್ಲಿಂದಲೋ ಒಂದು ಕೆಂಚು ಗಡವ ಬಂದು ನಮ್ಮ ತುಳಸಿ ಕುಂಡಕ್ಕೆ ಉಚ್ಚೆ ಹೊಯ್ಯಲು ಶುರು ಮಾಡಿತು. ಬೇರೆಯವರ ಬೆಕ್ಕು ಪದೇಪದೇ ನಮ್ಮ ಜಾಗಕ್ಕೆ ನುಗ್ಗಿದರೆ ಹಿಡಿದು ಕೌನ್ಸಿಲ್‌ಗೆ ಒಪ್ಪಿಸಬಹುದು. ಅದಕ್ಕೆ ಬೋನನ್ನೂ ಅವರೇ ಕೊಡುತ್ತಾರೆ. ಅದನ್ನು ತಂದು ತುಳಸಿಯ ಪಕ್ಕ ಇಟ್ಟೆ. ಒಳಗೆ ಮೀನು ಇಟ್ಟಿದ್ದಕ್ಕೆ ಅಮ್ಮ ಒಂದು ದಿನ ನನ್ನ ಜೊತೆ ಮಾತಾಡಲಿಲ್ಲ.

ಮೊದಲ ರಾತ್ರಿ ಬಿದ್ದದ್ದು ಪಾಸಮ್, ಇಲ್ಲಿನ ಮರ ಹತ್ತುವ ಕಾಡುಪ್ರಾಣಿ. ಗುಂಡಗಿನ ಕಣ್ಣು, ಮೂಗಿನ ತುದಿಗೆ ಮೀನಿನ ಎಣ್ಣೆ. ಕಾನೂನಿನ ರಕ್ಷಣೆ ಇರುವ ಪ್ರಾಣಿ, ಕೈಮುಗಿದು ಅಲ್ಲೇ ಬಿಟ್ಟೆ. ಎರಡನೇ ರಾತ್ರಿ ಧಡ್ ಎಂದು ಬಾಗಿಲು ಬಿದ್ದ ಸದ್ದು. ಟಾರ್ಚ್ ಹಿಡಿದು ಓಡಿದೆ. ಒಳಗೆ ಪುಟ್ಟಿ! ಅಮ್ಮ ತರಕಾರಿ ಸಿಪ್ಪೆ ಹಾಕಲು ಹಿಂದಿನ ಬಾಗಿಲು ತೆರೆದಾಗ ಜಾರಿಕೊಂಡಿದ್ದನಂತೆ. ಮೀನು ಪೂರ್ತಿ ತಿಂದಿದ್ದ. ಕೆಂಚ ಬೇಲಿಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿತ್ತು. ಮಾರನೇ ದಿನ ಬೋನು ವಾಪಸ್ ಕೊಟ್ಟೆ. ಏನಾದ್ರೂ ಸಿಕ್ತಾ ಎಂದು ಕೌಂಟರಿನಲ್ಲಿದ್ದವರು ವಿಚಾರಿಸಿದರು. ಸಿಕ್ಕಿತು, ಆದ್ರೆ ಅದಕ್ಕೆ ಈಗಾಗಲೇ ಫೀಸು ಕಟ್ಟಿದ್ದೇನೆ ಅಂದೆ.

ಅಮ್ಮ ಇದ್ದಷ್ಟು ದಿನ ಮಾತ್ರ ಕರ್ಫ್ಯೂ ಸರಿಯಾಗಿ ನಡೆಯಿತು. ಹಿತ್ತಲ ಮೆಟ್ಟಿಲ ಮೇಲೆ ನಿಂತು "ಬಾರೋ ಪುಟ್ಟೀ, ಮೊಸರನ್ನ" ಎಂದು ಒಂದೇ ಸಲ ಕೂಗುತ್ತಿದ್ದರು. ಎಲ್ಲಿದ್ದರೂ ಗಂಟೆ ಕಿಣಿಕಿಣಿ ಎನ್ನುತ್ತಾ ಬರುತ್ತಿದ್ದ. ಅಮ್ಮ ಊರಿಗೆ ಹೋಗಿ ಒಂದು ತಿಂಗಳಾಯಿತು. ನಾನೂ ಮೊಸರನ್ನ ಎಂದೇ ಕೂಗುತ್ತೇನೆ, ಕಲಸಿಯೂ ಇಡುತ್ತೇನೆ. ಉಹೂಂ. ಅಮ್ಮನ ದನಿ ರೆಕಾರ್ಡ್ ಮಾಡಿಕೊಂಡು ಹಾಕಿದೆ. ಎರಡು ದಿನ ಬಂದ. ಮೂರನೇ ದಿನ ಅವನಿಗೆ ಗೊತ್ತಾಗಿಹೋಯಿತು.

ಇವತ್ತೂ ಅಷ್ಟೇ. ಡಬ್ಬಿ ಬಡಿದೂ ಬಡಿದೂ ಚಮಚ ಸೊಟ್ಟಗಾಯಿತು. ಪುಟ್ಟಿ ಪಕ್ಕದ ಮನೆಯ ಶೆಡ್ ಮೇಲೆ ಕೂತು ಕಾಲು ನೆಕ್ಕುತ್ತಿದ್ದಾನೆ. ಊರಲ್ಲಿ ಈಗ ಮಧ್ಯಾಹ್ನ ಮೂರೂಕಾಲು, ಅಮ್ಮ ಊಟ ಮಾಡಿ ಸ್ವಲ್ಪ ಅಡ್ಡಾಗುವ ಹೊತ್ತು. ಬೇರೆ ದಾರಿ ಇಲ್ಲ, ಫೋನ್ ಮಾಡಿದೆ.

"ಮುಳುಗಿತಾ?" ಅಂದರು ಅಮ್ಮ, ಆಕಳಿಸುತ್ತಾ. "ಸ್ಪೀಕರ್ ಹಾಕು ಮಾರಾಯ. ಸ್ವಲ್ಪ ಎತ್ತರಕ್ಕೆ ಹಿಡಿ."