ಟನ್ ಲೆಕ್ಕ ಸರಿ, ಲಾರಿಯೊಳಗೆ ಏನಿದೆ ಸ್ವಾಮಿ?

ನಾಲ್ಕು ಪುರಸಭೆಗಳು ಸೇರಿ ಹಸಿ ಕಸಕ್ಕೆ ಒಂದೇ ಬಯೋಗ್ಯಾಸ್ ಘಟಕ ಕಟ್ಟುವ ಒಪ್ಪಂದದ ಕರಡು ಈಗಷ್ಟೇ ಓದಿ ಮುಗಿಸಿ ತಲೆ ಕೆಟ್ಟು ಕೂತಿದ್ದೀನಿ. ಜಾಗ ಯಾರದು, ಅಧ್ಯಕ್ಷಗಿರಿ ಯಾರಿಗೆ ಎಷ್ಟು ವರ್ಷ, ಎಲ್ಲಾ ಬರೆದಿದ್ದಾರೆ. (ಉದ್ಘಾಟನೆ ಕಲ್ಲಿನಲ್ಲಿ ಯಾರ ಹೆಸರು ಮೇಲೆ ಅನ್ನೋದೊಂದು ಬಾಕಿ.) ಲಾರಿಯೊಳಗೆ ಏನಿರಬೇಕು ಅನ್ನೋದಕ್ಕೆ ಮಾತ್ರ ಎರಡೇ ಪದ: 'ವಿಂಗಡಿಸಿದ ಕಸ'. ವಿಂಗಡಣೆ ಎಷ್ಟರ ಮಟ್ಟಿಗೆ? ನೋಡೋರು ಯಾರು? ಸುದ್ದಿಯೇ ಇಲ್ಲ. ವೇಬ್ರಿಡ್ಜ್ ಇದೆ, ಟನ್ನಿಗಿಷ್ಟು ಅಂತ ಬಿಲ್ ಇದೆ, ಮುಗೀತು.

ಜಂಟಿ ಘಟಕ ಬೇಡ ಅಂತಿಲ್ಲ. ದಿನಕ್ಕೆ ಐದಾರು ಟನ್ ಹಸಿ ಕಸ ಬರುವ ಊರು ಒಂಟಿಯಾಗಿ ಗ್ಯಾಸ್ ಇಂಜಿನ್, ಲ್ಯಾಬ್, ರಾತ್ರಿ ಪಾಳಿಯ ಆಪರೇಟರ್ ಎಲ್ಲವನ್ನೂ ಸಾಕೋದು ಕಷ್ಟ. ಆದರೆ ಟ್ಯಾಂಕ್ ಒಂದೇ ಆದಮೇಲೆ ಒಬ್ಬರ ಸೋಮಾರಿತನ ನಾಲ್ವರ ಹೊಟ್ಟೆಗೂ ಹೋಗುತ್ತೆ.

ಗಾಜಿನ ಚೂರು, ಮರಳು, ಮೊಟ್ಟೆ ಸಿಪ್ಪೆ ಡೈಜೆಸ್ಟರಿನ (ಕಸ ಕೊಳೆತು ಗ್ಯಾಸ್ ಆಗುವ ಮುಚ್ಚಿದ ಟ್ಯಾಂಕ್) ತಳಕ್ಕೆ ಇಳಿದು ಗಟ್ಟಿಯಾಗುತ್ತೆ. ಟ್ಯಾಂಕಿನ ಗಾತ್ರ ಒಳಗೊಳಗೇ ಕಮ್ಮಿಯಾಗಿ, ಇಪ್ಪತ್ತೈದು ದಿನ ಕೊಳೆಯಬೇಕಾದದ್ದು ಹದಿನೆಂಟಕ್ಕೇ ಆಚೆ ಬರುತ್ತೆ. ಪ್ಲಾಸ್ಟಿಕ್ ದಾರ, ಬಟ್ಟೆ ಚಿಂದಿ ಕಲಕುವ ರೆಕ್ಕೆಗೆ ಜಡೆಯ ಹಾಗೆ ಸುತ್ತಿಕೊಂಡು ಮೋಟಾರ್ ಟ್ರಿಪ್. ಬಿಚ್ಚೋಕೆ ಟ್ಯಾಂಕ್ ಖಾಲಿ ಮಾಡಬೇಕು. ಆ ಖರ್ಚನ್ನು ಟನ್ ಲೆಕ್ಕದಲ್ಲಿ ಹಂಚಿದರೆ ಚೆನ್ನಾಗಿ ವಿಂಗಡಿಸಿದ ಊರಿಗೂ ಅಷ್ಟೇ ದಂಡ. ಆಮೇಲೆ ವಿಂಗಡಿಸೋ ಹುಚ್ಚು ಯಾರಿಗಿರುತ್ತೆ?

'ಅದಕ್ಕೆ ಮೆಷಿನ್ ಇದೆಯಲ್ಲ, ಪ್ಲಾಸ್ಟಿಕ್ ಬೇರೆ ಮಾಡುತ್ತೆ' ಅಂತಾರೆ. ಮಾಡುತ್ತೆ. ಕವರನ್ನು ಸುತ್ತಿಗೆಯಿಂದ ಬಡಿದು, ಜರಡಿ ಹಿಡಿದು, ದೊಡ್ಡ ತುಂಡು ಆಚೆ ತಳ್ಳುತ್ತೆ. ಸಣ್ಣ ಚೂರು ರಾಡಿ ಜೊತೆ ಒಳಗೆ ಹೋಗಿ, ಕೊನೆಗೆ ಗೊಬ್ಬರದಲ್ಲಿ ಮಿಂಚುತ್ತೆ. ಆಚೆ ಬಿದ್ದ ಪ್ಲಾಸ್ಟಿಕ್ಕಿಗೆ ಅಂಟಿಕೊಂಡ ಅನ್ನ ಗ್ಯಾಸ್ ಕೊಡದೆ ಹೋಗುತ್ತೆ, ಅದನ್ನು ಸಾಗಿಸೋಕೆ ಮತ್ತೆ ದುಡ್ಡು.

ಮಾಡಬೇಕಾದ್ದು ದೊಡ್ಡ ವಿದ್ಯೆಯೇನಲ್ಲ. ಪ್ರತಿ ಊರಿನ ಒಂದು ಲಾರಿಯನ್ನು ವಾರಕ್ಕೊಮ್ಮೆ, ಮುಂಚೆ ಹೇಳದೆ, ಕಾಂಕ್ರೀಟ್ ನೆಲದ ಮೇಲೆ ಸುರಿಸಿ. ಲೋಡರಿನಿಂದ ಮಗುಚಿ, ರಾಶಿ ಮಾಡಿ, ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದದ್ದು ತಳ್ಳಿ. ನೂರು ಕಿಲೋಗೆ ಇಳಿಯೋವರೆಗೂ ಇದೇ. ಆಮೇಲೆ ಕೈಯಲ್ಲಿ ಆರಿಸಿ: ಪ್ಲಾಸ್ಟಿಕ್, ಗಾಜು, ಲೋಹ, ಬಟ್ಟೆ, ಬೇರೆಬೇರೆ ಬಕೆಟ್, ಬೇರೆಬೇರೆ ತೂಕ. ಆ ಊರಿನ ಹೆಲ್ತ್ ಇನ್ಸ್‌ಪೆಕ್ಟರ್ ಪಕ್ಕದಲ್ಲೇ ನಿಂತು ಸಹಿ ಹಾಕಲಿ. ಮೂರು ತಿಂಗಳ ಸರಾಸರಿ ಮೇಲೆ ಆ ಊರಿನ ದರ. ಒಂದೇ ದಿನದ ಲೆಕ್ಕಕ್ಕೆ ದಂಡ ಹಾಕಿದರೆ ಜಗಳ ಗ್ಯಾರಂಟಿ.

ಇನ್ನೊಂದು, ಇದೂ ತೂಕದ ಹುಚ್ಚಿಂದಲೇ. ರಜೆ ಮುಗಿದ ಮಾರನೇ ದಿನ ಮೂರು ದಿನದ ಕಸ ಒಟ್ಟಿಗೆ ಬರುತ್ತೆ, ತಿಂಗಳ ಟನ್ ಸರಿ ಇರೋದರಿಂದ ಯಾರೂ ಕೇಳಲ್ಲ. ಡೈಜೆಸ್ಟರಿನಲ್ಲಿ ಆಮ್ಲ ಮಾಡುವ ಸೂಕ್ಷ್ಮಜೀವಿಗಳು ಚುರುಕು, ಅದನ್ನು ತಿಂದು ಮೀಥೇನ್, ಅಂದರೆ ಉರಿಯುವ ಗ್ಯಾಸ್, ಮಾಡೋವು ನಿಧಾನ. ಒಮ್ಮೆಲೇ ತುರುಕಿದರೆ ಆಮ್ಲ ಉಳಿದುಬಿಡುತ್ತೆ, ನೊರೆ ಬರುತ್ತೆ, ಗ್ಯಾಸ್ ಬೀಳುತ್ತೆ. ಹುಳಿ ಅಳೆಯುವ ಪಿಎಚ್ ಮೀಟರ್ ನೋಡ್ಕೊಂಡು ಕೂತರೆ ತಡವಾಯ್ತು ಅಂತಲೇ ಲೆಕ್ಕ. ಟ್ಯಾಂಕಿನೊಳಗೆ ಆಮ್ಲವನ್ನು ತಡೆಯುವ ಕ್ಷಾರದ ದಾಸ್ತಾನು ಮುಗಿಯೋವರೆಗೂ ಪಿಎಚ್ ಕದಲಲ್ಲ. ಆಮ್ಲಕ್ಕೂ ಕ್ಷಾರಕ್ಕೂ ಇರುವ ಅನುಪಾತ ನೋಡಬೇಕು. 0.4 ದಾಟಿ ಏರ್ತಾ ಹೋದರೆ ಟ್ಯಾಂಕಿಗೆ ಹಾಕೋ ಊಟ ಕಮ್ಮಿ ಮಾಡಿ. ಪೂರ್ತಿ ಹುಳಿಯಾದರೆ ಚೇತರಿಸಿಕೊಳ್ಳೋಕೆ ವಾರಗಟ್ಟಲೆ ಬೇಕು, ಆ ವಾರಗಳ ಕಸ ಎಲ್ಲಿಗೆ? ಡೈಜೆಸ್ಟರಿಗೆ ಮುಂಚೆ ಎರಡು ದಿನದ ಕಸ ಹಿಡಿದಿಡುವ ಇನ್ನೊಂದು ಟ್ಯಾಂಕ್ ಇದ್ದರೆ ಇದು ತಪ್ಪುತ್ತೆ. ಕರಡಿನಲ್ಲಿ ಅದನ್ನು 'ಎರಡನೇ ಹಂತ'ಕ್ಕೆ ತಳ್ಳಿದ್ದಾರೆ.

ಕೊನೆ ಪುಟದಲ್ಲಿ ನಾಲ್ಕು ಸಹಿಗೆ ಜಾಗ ಬಿಟ್ಟಿದ್ದಾರೆ. ವಿಂಗಡಣೆ ಸರಿಯಿಲ್ಲ ಅಂತ ವಾಪಸ್ ಕಳಿಸಿದ ಲಾರಿ ಎಲ್ಲಿಗೆ ಹೋಗಬೇಕು ಅಂತ ಒಂದು ಸಾಲೂ ಇಲ್ಲ.